ಸಾಕ್ಷಿ ಮಾವ

ವಿವಾಹ ನೋಂದಣಿ ಕಚೇರಿಯ ಬೆಂಚಿನ ಮೇಲೆ ದಿನವಿಡೀ ಕೂತಿರುವ ಆ ನಿವೃತ್ತ ದರ್ಜಿ, ಓಡಿಬಂದ ಜೋಡಿಗಳ ಸುದ್ದಿಯನ್ನು ಹೆತ್ತವರಿಗೆ ಮುಟ್ಟಿಸುವ ಬೇಹುಗಾರರೆಂದು ಊರಲ್ಲೊಂದು ಗುಲ್ಲಿತ್ತು. ಅದು ಶುದ್ಧ ಸುಳ್ಳು. ನೆಂಟರಿಷ್ಟರು ಮುಖ ತಿರುಗಿಸಿದವರ ಮದುವೆಗೆ ಸಾಕ್ಷಿಯಾಗುವುದೇ ಅವರ ಕಾಯಕ. ಹಾಗಾಗಿ ಎಲ್ಲರಿಗೂ ಅವರು ಸಾಕ್ಷಿ ಮಾವ. ಗಂಡು ಗಂಡನ್ನೂ ಹೆಣ್ಣು ಹೆಣ್ಣನ್ನೂ ಮದುವೆಯಾಗಬಹುದೆಂದು ಕಾನೂನು ಒಪ್ಪಿದ ಮೇಲಂತೂ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅವರು ಹಾಜರು. ಜೇಬಿನಲ್ಲಿ ಸೂಜಿದಾರ, ನಾಲಿಗೆಯ ತುದಿಯಲ್ಲಿ ಗದರಿಕೆ. "ಏನಯ್ಯ ಇದು ಕಾಲರ್ರು, ದನ ಅಗಿದು ಉಗಿದ ಹಾಗಿದೆ, ಬಾ ಇಲ್ಲಿ" ಎಂದು ಮದುಮಗನನ್ನು ಎಳೆದು ಕಿತ್ತ ಗುಂಡಿ ಹೊಲಿಯುವರು. ಕಣ್ಣು ತುಂಬಿಕೊಂಡ ಮದುವಣಗಿತ್ತಿಯರಿಗೆ, "ಅಳೋದಾದ್ರೆ ದೂರ ನಿಂತು ಅಳ್ರಮ್ಮ, ಶಾಯಿ ಹರಡುತ್ತೆ" ಎನ್ನುವರು. ಇಷ್ಟೆಲ್ಲ ಮಾಡಿ ಸಂಜೆ ಮನೆಗೆ ಹೋದವರು, ಎಷ್ಟೋ ವರ್ಷಗಳಿಂದ ಜೊತೆಗೆ ಬಾಳುತ್ತಿರುವ ಗಡಿಯಾರ ರಿಪೇರಿಯ ಗೆಳೆಯನನ್ನು ನೆರೆಯವರಿಗೆ ಇನ್ನೂ "ನಮ್ಮ ಬಾಡಿಗೆಯವರು" ಎಂದೇ ಪರಿಚಯಿಸುತ್ತಿದ್ದರು. ಹಳೆಯ ಅಂಜಿಕೆ ನಾಲಿಗೆ ಬಿಟ್ಟಿರಲಿಲ್ಲ. ಕೊನೆಗೆ ಗೆಳೆಯನೇ ಕೇಳಿದ: "ಊರಿಗೆಲ್ಲ ಸಾಕ್ಷಿ ಆದೆ. ನಾಳೆ ನಾನು ಆಸ್ಪತ್ರೆ ಸೇರಿದ್ರೆ, ನೀನು ಯಾರು ಅಂತ ಬಾಗಿಲಲ್ಲೇ ತಡೀತಾರೆ. ಆಗೇನಂತೀಯ, ಮನೆ ಓನರ್ ಅಂತಲಾ?" ಮರುವಾರವೇ ಅವರ ಮದುವೆ. ಸಾಕ್ಷಿ ಹಾಕಲು ಹಳೆಯ ಜೋಡಿಗಳೆಲ್ಲ ನಾ ಮುಂದು ತಾ ಮುಂದು ಎಂದು ಮುಗಿಬಿದ್ದವು. ಮಾವ ಮಾತ್ರ ಅಭ್ಯಾಸಬಲದಿಂದ ಸಾಕ್ಷಿಯ ಜಾಗದಲ್ಲೇ ಸಹಿ ಹಾಕಿಬಿಟ್ಟರು. "ಮೇಲೆ, ಮಾವ, ಮೇಲೆ. ಇವತ್ತು ನೀವೇ ಮದುಮಗ" ಎನ್ನುತ್ತ ನೋಂದಣಾಧಿಕಾರಿ ಹೊಸ ಹಾಳೆ ಕೊಟ್ಟರು. ಈಗ ಆ ಬೆಂಚಿನ ಮೇಲೆ ಇಬ್ಬರು ಕೂರುತ್ತಾರೆ. ಪಕ್ಕದಲ್ಲಿರುವುದು ಯಾರೆಂದು ಕೇಳಿದವರಿಗೆ ಸಾಕ್ಷಿ ಮಾವ, "ನಮ್ಮ ಮನೆಯವರು" ಎನ್ನುತ್ತಾರೆ.