ಹೆಸರಘಟ್ಟದ ಹುಲ್ಲಲ್ಲಿ ಕೂತೆದ್ದು ಬಂದದ್ದು

ಆಗ ನನಗೆ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು, ಏಪ್ರಿಲ್ ಕೊನೆಯ ಬಿಸಿಲು. ಮೊಮ್ಮಗಳು ಗಾನವಿಯನ್ನು ಕರೆದುಕೊಂಡು ಕೆಂಪಾಪುರದಿಂದ ಹೆಸರಘಟ್ಟಕ್ಕೆ ಹೋಗಿ ಬಂದೆ. ದೂರ ಏನಿಲ್ಲ, ಇಪ್ಪತ್ತೈದು ಕಿಲೋಮೀಟರು ಇದ್ದರೆ ಹೆಚ್ಚು. ಕಾಶಿಗೆ ಹೋಗಿ ಬಂದವರು ನಮ್ಮ ಬೀದಿಯಲ್ಲೇ ಇದ್ದಾರೆ, ಅವರು ಬರೆಯಲಿಲ್ಲ. ನಾನು ಬರೆಯುತ್ತಿದ್ದೇನೆ. ಒತ್ತು, ದೀರ್ಘ ಬಿಟ್ಟ ಕಡೆ ಗಾನವಿ ಹಾಕಿಕೊಟ್ಟಿದ್ದಾಳೆ.

ಅವಳಿಗೆ ಆಗ ಎಂಟು ವರ್ಷ. ಹುಟ್ಟುವಾಗಲೇ ಹೃದಯದಲ್ಲಿ ತೂತು, ರಕ್ತ ಹೋಗುವ ದಾರಿಯೂ ಇಕ್ಕಟ್ಟು. ಕೂಸಾಗಿದ್ದಾಗ ಒಂದು ಸಣ್ಣ ಆಪರೇಷನ್ ಆಗಿತ್ತು, ದೊಡ್ಡದು ಬಾಕಿ ಇತ್ತು. ನಾಲ್ಕು ಮನೆ ದಾಟುವಷ್ಟರಲ್ಲಿ ತುಟಿ ನೇರಳೆ ಹಣ್ಣು ತಿಂದ ಹಾಗೆ ಆಗುತ್ತಿತ್ತು. ಆಗ ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು. ನಮ್ಮಲ್ಲಿ ಹೆಣ್ಣುಮಗು ನಡುಬೀದಿಯಲ್ಲಿ ಹಾಗೆ ಕೂತರೆ ನೋಡಿದವರು ಸುಮ್ಮನಿರುವುದಿಲ್ಲ. "ಏಳೇ, ಬೀದೀಲಿ ಇಂಗ್ ಕುಂತ್ಕೋಬಾರ್ದು" ಎಂದು ರಟ್ಟೆ ಹಿಡಿದು ಎಬ್ಬಿಸಿ ಸೊಂಟಕ್ಕೆ ಹಾಕಿಕೊಳ್ಳುತ್ತಿದ್ದೆ. ಎಂಟು ವರ್ಷದವಳಾದರೂ ತೂಕ ಐದರ ಮಗುವಿನದು. ನನಗೆ ಭಾರ ಅನ್ನಿಸಿರಲಿಲ್ಲ.

ದೊಡ್ಡ ಆಪರೇಷನ್ನಿಗೆ ಮಾರ್ಚಿನಲ್ಲಿ ದಿನ ಕೊಟ್ಟಿದ್ದರು. ಮಗ ಮಂಜು ಕಾರಿನಲ್ಲಿ ಕರೆದುಕೊಂಡು ಹೋದ. ಎದೆ ಕುಯ್ಯುತ್ತಾರೆ ಎಂದು ಅಷ್ಟರಲ್ಲಿ ಯಾರೋ ಅವಳ ಕಿವಿಗೆ ಹಾಕಿದ್ದರು. ಆಸ್ಪತ್ರೆ ಗೇಟಿನಲ್ಲೇ ಚೀರಿದಳು. ಅಪ್ಪನ ಕೈ ಕಚ್ಚಿದಳು. ಅತ್ತು ಅತ್ತು ಮೈ ಕಪ್ಪಿಟ್ಟು ಕಣ್ಣು ತೇಲಿಸಿದಳು. ಡಾಕ್ಟರು ಎಚ್ಚರ ಮಾಡಿಸಿ, ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. "ಅಳು ಈ ಮಗುಗೆ ಒಳ್ಳೇದಲ್ಲ. ತಾನಾಗೇ ನಡ್ಕೊಂಡು ಬರೋ ಹಾಗೆ ಧೈರ್ಯ ಮಾಡಿ. ಆದ್ರೆ ಬಹಳ ದಿನ ತಳ್ಳೋಕಾಗಲ್ಲ" ಎಂದರು. ಹೃದಯದ ಕಾಯಿಲೆ ಇರುವ ಮಕ್ಕಳಿಗೆ ಹೆಸರಘಟ್ಟದಲ್ಲಿ ಮೂರು ದಿನದ ಬೇಸಿಗೆ ಶಿಬಿರ ನಡೆಯುತ್ತದೆ, ಅದು ಮುಗಿಸಿಕೊಂಡು ಮಾರನೆಯ ಬೆಳಿಗ್ಗೆಯೇ ಬನ್ನಿ ಎಂದೂ ಹೇಳಿದರು. ಮಗುವಿನ ತಾಯಿ ಕೂತಲ್ಲೇ ಕಣ್ಣೀರು ಹಾಕುವವಳು. ಅದಕ್ಕೆ ನನ್ನನ್ನು ಕಳಿಸಿದರು.

ಕಾರು ಕಂಡರೆ ಆಸ್ಪತ್ರೆ ಎಂದುಕೊಳ್ಳುತ್ತಾಳೆ ಎಂದು ಬಸ್ಸು ಹಿಡಿದೆವು. ಹೆಂಗಸರಿಗೆ ಪುಕ್ಕಟೆ. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ, "ಇಷ್ಟ್ ದೊಡ್ ಮಗೂನ ತೊಡೆ ಮೇಲೆ ಯಾಕಜ್ಜಿ ಕೂರಿಸ್ಕೊಂಡಿದೀರಾ, ಸೀಟ್ ಖಾಲಿ ಇದ್ಯಲ್ಲ" ಅಂದ.

"ತೊಡೆ ನಂದು ಕಣಪ್ಪ, ನಿನ್ ಬಸ್ಸಿಂದಲ್ಲ" ಅಂದೆ. ನಕ್ಕು ಮುಂದೆ ಹೋದ.

ಯಲಹಂಕದಲ್ಲಿ ಇಳಿದು ಮಜ್ಜಿಗೆ ಕುಡಿದು ಇನ್ನೊಂದು ಬಸ್ಸು ಹತ್ತಿದೆವು. ಅದು ಬರುವುದು ತಡವಾಗಿ ಬಿಸಿಲು ನೆತ್ತಿಗೆ ಬಂದಿತ್ತು. ಕಿಟಕಿಯ ಗಾಳಿಗೆ ನನಗೆ ಕಣ್ಣು ಎಳೆಯಿತು. ಎಚ್ಚರವಾದಾಗ ಕಟ್ಟಡಗಳೇ ಇರಲಿಲ್ಲ. ಎರಡೂ ಕಡೆ ಹುಲ್ಲು, ಒಣಗಿ ಹೊಂಬಣ್ಣಕ್ಕೆ ತಿರುಗಿದ್ದು, ಗಾಳಿ ಬಂದ ಕಡೆಗೆಲ್ಲ ಮಲಗಿ ಏಳುತ್ತಿತ್ತು. ದೂರದಲ್ಲಿ ಬಿಸಿಲು ನೀರಿನ ಹಾಗೆ ಹರಿಯುತ್ತಿತ್ತು, ಅದರೊಳಗೆ ದನಗಳು ಕಾಲಿಲ್ಲದೆ ತೇಲುತ್ತಿದ್ದವು. ನಮ್ಮ ರಾಗಿ ಹೊಲದ ಮೇಲೆ ಮಂಜು ಬಾಡಿಗೆ ಮನೆ ಎಬ್ಬಿಸಿದ ಮೇಲೆ ಅಷ್ಟು ಬಯಲು ನಾನು ಕಂಡಿರಲಿಲ್ಲ. ಸತ್ತು ಬೇರೆ ಎಲ್ಲೋ ಇಳಿದೆನೇನೋ ಎಂದು ಒಂದು ಗಳಿಗೆ ಅನ್ನಿಸಿತು.

"ಅಜ್ಜಿ, ಬಾಯ್ ತಕ್ಕೊಂಡ್ ಮಲ್ಗಿದ್ದೆ" ಎಂದು ಗಾನವಿ ಸೆರಗು ಎಳೆದಳು. ಸತ್ತಿಲ್ಲ ಎಂದು ತಿಳಿಯಿತು.

ಶಿಬಿರದ ಜಾಗದಲ್ಲಿ ಸಾಲಾಗಿ ಶೀಟಿನ ಮನೆಗಳು, ನಡುವೆ ದೊಡ್ಡದೊಂದು ಹೊಂಗೆ ಮರ. ಮರದ ಕೆಳಗೆ ಹೂವು ಉದುರಿ ನೆಲ ಕಾಣುತ್ತಿರಲಿಲ್ಲ. ಗಾನವಿ ನನ್ನ ಸೊಂಟದ ಮೇಲಿದ್ದಳು. ಗೇಟಿನ ಹತ್ತಿರ ನಿಂತಿದ್ದ ಹುಡುಗಿಯೊಬ್ಬಳು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಹುಡಿಗಿಗೆ ಕಾಲಿಲ್ಲೇನ್ರಿ, ಅಜ್ಜಿ?"

"ಅವೆ."

"ಮತ್ತ ಇಳಸ್ರಿ."

ಅವಳ ಹೆಸರು ಅಕ್ಷತಾ, ಹನ್ನೊಂದು ವರ್ಷ. ಬಾಗಲಕೋಟೆ ಕಡೆಯವರು, ಅಪ್ಪನಿಗೆ ಯಲಹಂಕದ ಫ್ಯಾಕ್ಟರಿಯಲ್ಲಿ ಕೆಲಸ. ಗಾನವಿಗೆ ಇದ್ದ ಕಾಯಿಲೆಯೇ ಅವಳಿಗೂ ಇತ್ತು, ಹಿಂದಿನ ವರ್ಷ ಆಪರೇಷನ್ ಆಗಿತ್ತು. ಅಲ್ಲಿದ್ದ ಮಕ್ಕಳಲ್ಲಿ ಅರ್ಧ ಆದವರು, ಅರ್ಧ ಆಗಬೇಕಾದವರು. ನಾನು ಗಾನವಿಯನ್ನು ಇಳಿಸಿದೆ.

ಊಟಕ್ಕೆ ಅನ್ನ, ಸೊಪ್ಪಿನ ಸಾರು, ಮೊಸರು, ಕಲ್ಲಂಗಡಿ. ಮಕ್ಕಳಿಗೆ ಆಗುವುದಿಲ್ಲ ಎಂದು ಉಪ್ಪು ಕಡಿಮೆ. ನಾನು ಒಯ್ದಿದ್ದ ಮಾವಿನ ಉಪ್ಪಿನಕಾಯಿ ಬಾಟಲಿಯನ್ನು ನರ್ಸ್ ಶೈಲಾ ಬಾಗಿಲಲ್ಲೇ ಎತ್ತಿಟ್ಟುಕೊಂಡರು. ಹೊರಡುವಾಗ ವಾಪಸ್ಸು ಕೊಟ್ಟರು. ಸ್ವಲ್ಪ ಇಳಿದಿತ್ತು. ನಾನು ಕೇಳಲಿಲ್ಲ.

ಎರಡನೆಯ ದಿನ ಬಿಸಿಲೇರುವ ಮೊದಲೇ ಹುಲ್ಲುಗಾವಲಿನಲ್ಲಿ ಕೆರೆ ಏರಿಯ ಕಡೆಗೆ ಹೊರಟೆವು. ಸಣ್ಣಗೆ ಮಬ್ಬು ಕವಿದಿತ್ತು. ಮಕ್ಕಳು ಬಿಳಿ ಟೋಪಿ ಹಾಕಿಕೊಂಡು ಸಾಲಾಗಿ ಮುಂದೆ, ನಮ್ಮಂಥವರು ಹಿಂದೆ. ಗಾನವಿ ಸ್ವಲ್ಪ ದೂರ ನಡೆದು ಕುಕ್ಕರುಗಾಲಲ್ಲಿ ಕೂತಳು. ನಾನು ಎತ್ತಲು ಓಡಿದೆ. ಅಷ್ಟರಲ್ಲಿ ಅಕ್ಷತಾ ಕೂತಳು. ಅವಳ ಹಿಂದಿನವಳು ಕೂತಳು. ಸಾಲು ಪೂರ್ತಿ ಕೂತುಬಿಟ್ಟಿತು. ಎದೆಮಟ್ಟದ ಹುಲ್ಲು ಅದು. ನೋಡನೋಡುತ್ತ ಒಂದು ಮಗುವೂ ಇಲ್ಲ, ಬರೀ ಹುಲ್ಲು ಆಡುತ್ತಿದೆ.

ಶೈಲಾ ನನ್ನ ಕೈ ಹಿಡಿದರು. "ಕೂತಾಗ ಎಬ್ಬಿಸಬೇಡಿ ಅಮ್ಮ. ಹಾಗೆ ಮಂಡಿ ಮಡಚಿ ಕೂತ್ರೆ ಅವಳ ರಕ್ತಕ್ಕೆ ಉಸಿರು ಸಿಗುತ್ತೆ. ಅವಳಿಗೆ ಅದೇ ಔಷಧಿ. ಇಲ್ಲಿ ಒಬ್ರು ಕೂತ್ರೆ ಎಲ್ರೂ ಕೂರಬೇಕು, ಅದು ನಮ್ಮ ರೂಲ್ಸು. ನೀವೂ ಕೂತ್ಕೊಳ್ಳಿ."

ಇಷ್ಟು ವರ್ಷ ಅವಳನ್ನು ಔಷಧಿಯಿಂದ ಎಬ್ಬಿಸಿದ್ದೆ. ಗೊತ್ತಿರಲಿಲ್ಲ, ಇನ್ನೇನು. ಕೂತೆ.

ಮಂಡಿ ಸದ್ದು ಮಾಡಿತು. ಒಳಗೆ ತಂಪಾಗಿತ್ತು. ಹುಲ್ಲಿನ ಕಡ್ಡಿಗಳು ತಲೆಯ ಮೇಲೆ ಸೇರಿ, ಆಕಾಶ ಸೀಳು ಸೀಳಾಗಿ ಕಾಣುತ್ತಿತ್ತು. ಎಲ್ಲೋ ಎತ್ತರದಲ್ಲಿ ಒಂದು ಹಕ್ಕಿ ಒಂದೇ ಸಮ ಕೂಗುತ್ತಿತ್ತು, ಆದರೆ ಹಕ್ಕಿ ಕಾಣಲಿಲ್ಲ. ಸುತ್ತ ಮಕ್ಕಳ ಉಸಿರು ಕೇಳುತ್ತಿತ್ತು, ಹುಲ್ಲೇ ಉಸಿರಾಡುತ್ತಿದೆಯೋ ಅನ್ನುವ ಹಾಗೆ. ಎಷ್ಟು ಹೊತ್ತು ಹಾಗಿದ್ದೆವೋ ಕಾಣೆ. ನಾನು ಚಿಕ್ಕವಳಿದ್ದಾಗ ಕಳೆ ಕೀಳುತ್ತ ರಾಗಿ ಪೈರಿನಲ್ಲಿ ಹೀಗೇ ಕೂತಿರುತ್ತಿದ್ದೆ. ಆಗಿನ ವಾಸನೆಯೇ ಬಂತು. ಆಮೇಲೆ ಒಂದು ಬಿಳಿ ಟೋಪಿ ಎದ್ದಿತು, ಅದು ಗಾನವಿಯದು. ಅದರ ಹಿಂದೆ ಒಂದೊಂದೇ ಟೋಪಿ, ಮಳೆ ಬಿದ್ದ ಮೇಲೆ ಅಣಬೆ ಏಳುವ ಹಾಗೆ. ನಾನೊಬ್ಬಳು ಏಳಲಾಗದೆ ಕೂತಿದ್ದೆ. ಅಕ್ಷತಾ ಮತ್ತು ಗಾನವಿ ಎರಡು ಕೈ ಹಿಡಿದು ಎಳೆದರು.

"ಅಜ್ಜಿಗೆ ಆಪರೇಶನ್ ಆಗಿಲ್ಲೇನ?" ಎಂದು ಅಕ್ಷತಾ ಕೇಳಿದಳು.

"ಇಲ್ಲ. ಅವ್ಳಿಗೆ ಮಂಡಿ ಕಾಯಿಲೆ" ಎಂದಳು ಗಾನವಿ. ಬಹಳ ದಿನಕ್ಕೆ ಅವಳು ನಕ್ಕಿದ್ದು ಆಗ.

ಏರಿ ಮುಟ್ಟುವಷ್ಟರಲ್ಲಿ ಇನ್ನೂ ಎಷ್ಟೋ ಸಲ ಕೂತೆದ್ದೆವು. ಕೆರೆಯಲ್ಲಿ ನೀರು ನಡುವೆ ಮಾತ್ರ ಇತ್ತು, ಅದೂ ಮಬ್ಬಿನಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗೆ. ಗಾನವಿ ಏರಿಯ ಮೇಲೆ ನಿಂತು ನೋಡಿದಳು. ತನ್ನ ಕಾಲಿನಲ್ಲಿ ಅಷ್ಟು ದೂರ ಅವಳು ಅದಕ್ಕೆ ಮೊದಲು ಹೋಗಿರಲಿಲ್ಲ.

ಮಧ್ಯಾಹ್ನ ಹುಡುಗಿಯರಿಬ್ಬರೂ ಹೊಂಗೆ ಮರದ ಕೆಳಗೆ ನನ್ನ ಪಕ್ಕ ಮಲಗಿದ್ದರು. ನನಗೆ ನಿದ್ದೆ ಎಂದುಕೊಂಡಿದ್ದರು. ಅಕ್ಷತಾ ಅಂಗಿಯ ಗುಂಡಿ ಬಿಚ್ಚಿ ಎದೆಯ ಗೆರೆ ತೋರಿಸಿದಳು. "ಇದು ನನ್ನ ಜಿಪ್ಪು."

ಗಾನವಿ ಬೆರಳಿನಿಂದ ಮುಟ್ಟಿದಳು. "ತೆಗ್ದು ಹಾಕ್ಬೋದಾ?"

"ಇಲ್ಲ. ಒಂದ ಸಲ ಹಾಕಿದ್ರ ಮುಗೀತು."

"ನಾವ್ ಮಲ್ಗಿದ್ದಾಗ ಒಳಗಿಂದ ಏನಾದ್ರೂ ತಗೊಂಡ್ಬಿಡ್ತಾರಾ?"

ಅದು ಅವಳ ಭಯ. ನಮ್ಮ ಮನೆಯಲ್ಲಿ ಒಬ್ಬರ ಹತ್ತಿರವೂ ಅದನ್ನು ಕೇಳಿರಲಿಲ್ಲ.

"ಏನೂ ತಗೊಳ್ಳಂಗಿಲ್ಲ. ಹೊಲಿದು ಕಳಸ್ತಾರ. ಎದ್ದಾಗ ಗಂಟಲಾ ಒಣಗಿರ್ತದ. ನೀರ ಕೇಳಿದ್ರ ಲಗೂನ ಕೊಡಂಗಿಲ್ಲ. ಅಳಬ್ಯಾಡ, ಆಮ್ಯಾಲ ಕೊಡ್ತಾರ."

"ನೋವಾಗುತ್ತಾ?"

"ಆಗ್ತದ. ಕೆಮ್ಮಿದ್ರ ಭಾಳ. ದಿಂಬ ಎದಿಗೆ ಗಟ್ಟಿ ಹಿಡಕೊಂಡು ಕೆಮ್ಮಬೇಕು, ಹಿಂಗ." ತೋರಿಸಿಕೊಟ್ಟಳು.

ನಾವು ದೊಡ್ಡವರು ನೋವೇ ಆಗುವುದಿಲ್ಲ ಎಂದು ಅವಳಿಗೆ ಹೇಳಿಕೊಂಡು ಬಂದಿದ್ದೆವು. ಅವಳು ನಂಬಿರಲಿಲ್ಲ. ಇದನ್ನು ನಂಬಿದಳು. ಸಂಜೆ ಊಟಕ್ಕೆ ಕರೆಯಲು ಹೋದಾಗ ಹಾಸಿಗೆಯ ಮೇಲೆ ಕೂತು, ದಿಂಬು ಅಪ್ಪಿಕೊಂಡು ಕೆಮ್ಮುವುದನ್ನು ಕಲಿಯುತ್ತಿದ್ದಳು.

ಮೂರನೆಯ ದಿನ ಮಕ್ಕಳು ಚಿತ್ರ ಬರೆದರು, ಗಾಳಿಪಟ ಬಿಟ್ಟರು. ಊಟವಾದ ಮೇಲೆ ಹೊರಟೆವು. ಬಸ್ಸಿನಲ್ಲಿ ಗಾನವಿ ಬೇರೆ ಸೀಟು ಹಿಡಿದು ಕೂತಳು. ನನ್ನ ತೊಡೆ ಹಗುರವಾಗಿತ್ತು, ಅಭ್ಯಾಸವಿಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಸ್ಸು ತಿರುಗುವಾಗ ನಾನು ಹಿಂದಕ್ಕೆ ನೋಡಿದೆ. ಇಳಿಬಿಸಿಲಲ್ಲಿ ಹುಲ್ಲು ಖಾಲಿ ಬಿದ್ದಿತ್ತು. ಇನ್ನೊಂದು ಗಳಿಗೆ ಕಾದರೆ ಟೋಪಿಗಳು ಏಳುತ್ತವೇನೋ ಅನ್ನಿಸಿ, ಹುಲ್ಲು ಮರೆಯಾಗುವವರೆಗೂ ನೋಡಿದೆ.

ಮಾರನೆಯ ಬೆಳಿಗ್ಗೆ ಮಂಜು ಕಾರು ತೆಗೆದ. ಗಾನವಿ ತನ್ನ ದಿಂಬು ತಗೊಂಡು ಹಿಂದೆ ಹತ್ತಿದಳು. ಆಸ್ಪತ್ರೆ ಗೇಟಿನಲ್ಲಿ ಇಳಿದೆವು. ಗೇಟಿನಿಂದ ಬಾಗಿಲಿಗೆ ಸ್ವಲ್ಪ ಏರು ದಾರಿ, ಜನ ಓಡಾಡುತ್ತಿದ್ದರು. ಅವಳು ಅರ್ಧ ದೂರ ನಡೆದು ನಿಂತಳು. ತುಟಿ ನೀಲಿಯಾಗಿತ್ತು. ದಾರಿಯ ನಡುವೆಯೇ ದಿಂಬು ಅಪ್ಪಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಅಳು ಮುಖದ ಹತ್ತಿರಕ್ಕೆ ಬಂದಿತ್ತು. ಮಂಜು ಎತ್ತಿಕೊಳ್ಳಲು ಬಗ್ಗಿದ. ನಾನು ಅವನ ಕೈ ತಳ್ಳಿ, ಅವಳ ಪಕ್ಕ ಕೂತೆ.

"ಅಮ್ಮ, ಎದ್ದೇಳಮ್ಮ, ಜನ ನೋಡ್ತವ್ರೆ" ಅಂದ.

"ನೋಡ್ಲಿ. ನೀನೂ ಕುಂತ್ಕೊ."

ಆ ಕಡೆ ಈ ಕಡೆ ನೋಡಿ, ಇಸ್ತ್ರಿ ಪ್ಯಾಂಟು ಮೇಲಕ್ಕೆ ಎಳೆದುಕೊಂಡು ಅವನೂ ಕೂತ. ಜನ ನಮ್ಮನ್ನು ಸುತ್ತಿಕೊಂಡು ಹೋದರು. ಗಾನವಿ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಉಸಿರು ನಿಧಾನವಾಗಿ ಹಿಡಿತಕ್ಕೆ ಬಂತು. ಮೊದಲು ಎದ್ದವಳು ಅವಳೇ. ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಕಡೆ ಕೈ ಚಾಚಿದಳು.

"ಏಳಜ್ಜಿ, ಓಗಣ."

ಅವಳ ಕೈ ಹಿಡಿದು ಎದ್ದೆ.