ತಂಗಿಯ ಕುಪ್ಪಸ ಹೊಲಿಯಲು ಪುಣೆಗೆ

ಬೈಲಹೊಂಗಲದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ಎರಡು ಸೀರೆ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಳತೆಗೆಂದು ನನ್ನದೊಂದು ಹಳೆಯ ಜಂಪರು ಮತ್ತು ನನ್ನ ದೊಡ್ಡ ಕತ್ತರಿ. ಕತ್ತರಿಯನ್ನು ಟವೆಲಿನಲ್ಲಿ ಸುತ್ತಿದ್ದೆ. ಬೇರೆಯವರ ಕತ್ತರಿ ನನ್ನ ಕೈಗೆ ಹೊಂದುವುದಿಲ್ಲ.

ಪುಣೆಯ ಖಡಕಿಯಲ್ಲಿ ನನ್ನ ತಂಗಿ ಶಾಂತಾ ಇದ್ದಾಳೆ. ಗಂಡ ಅಲ್ಲಿಯ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡ. ಈಗ ಮಗ, ಸೊಸೆ, ಮೊಮ್ಮಗಳ ಜೊತೆ ಇರುತ್ತಾಳೆ. ಬೇಸಿಗೆಯಲ್ಲಿ ಲಕ್ವಾ ಹೊಡೆದು ಆಕೆಯ ಎಡಗೈ, ಎಡಗಾಲು ಬಿದ್ದವು. ಕಾಲು ತಿರುಗಿ ಬಂತು, ಕೈ ಬರಲಿಲ್ಲ. ಅಂದಿನಿಂದ ಗೌನಿನಲ್ಲೇ ಇದ್ದಾಳೆ. ಭಾನುವಾರ ಮೊಮ್ಮಗಳ ನಿಶ್ಚಯವಿತ್ತು. ಫೋನು ಮಾಡಿ ಹೇಳಿದಳು:

"ಅಕ್ಕಾ, ಜಂಪರ್ ಕೈಗೆ ಏರವಲ್ದು. ಗೌನ್ ಹಾಕ್ಕೊಂಡು ಬೀಗರ ಮುಂದ ನಾ ಕುಂದ್ರಂಗಿಲ್ಲ. ಮಗಾ ಸೊಸಿ ಹೋಗಿ ಬರಲಿ, ನಾ ಮನ್ಯಾಗ ಇರತೇನಿ."

"ನಾ ಬಂದು ಹೊಲಿತೇನಿ. ಬಾಯಿ ಮುಚ್ಚು" ಎಂದು ಫೋನು ಇಟ್ಟೆ.

ನಿಪ್ಪಾಣಿಯವರೆಗೆ ಆಧಾರ ಕಾರ್ಡು ತೋರಿಸಿ ಪುಕ್ಕಟೆ ಬಂದೆ. ಅಲ್ಲಿಂದ ಮಹಾರಾಷ್ಟ್ರದ ಕೆಂಪು ಬಸ್ಸು, ಹೆಂಗಸರಿಗೆ ಅರ್ಧ ಟಿಕೆಟು. ಕಬ್ಬಿನ ಸುಗ್ಗಿ ನಡೆದಿತ್ತು. ಕೊಲ್ಹಾಪುರ ದಾಟುವವರೆಗೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆಯೇ ಬಸ್ಸು ತೆವಳಿತು. ಕರಾಡದ ಆಚೆ ಒಂದು ಧಾಬಾದಲ್ಲಿ ನಿಲ್ಲಿಸಿದರು. ರೊಟ್ಟಿ ಬಿಚ್ಚಿ ತಿಂದೆ, ಅವರ ಚಹಾ ಕುಡಿದೆ. ಸಕ್ಕರೆ ಪಾಕ.

ಮೊದಲ ಸಲ ಪುಣೆಗೆ ಹೋದದ್ದು ಶಾಂತಾಳ ಚೊಚ್ಚಲ ಬಾಣಂತನಕ್ಕೆ. ಅವ್ವ ಆಗಲೇ ಇರಲಿಲ್ಲ. ಮಗಳು ತವರಿಗೆ ಬರುವ ಬದಲು ತವರೇ ಮಗಳ ಹತ್ತಿರ ಹೋಗಬೇಕಾಯಿತು. ತವರೆಂದರೆ ನಾನೊಬ್ಬಳೇ. ರೈಲಿನ ಕಿಟಕಿಯಿಂದ ಇದ್ದಿಲ ಪುಡಿ ಹಾರಿ ಬಂದು ಕಣ್ಣಿಗೆ ಬೀಳುತ್ತಿತ್ತು. ಆ ವರ್ಷ ಆಕೆಯ ಗಂಡ ಬೋನಸ್ಸಿನಲ್ಲಿ ಕೈಯಿಂದ ತಿರುಗಿಸುವ ಹೊಲಿಗೆ ಮಷಿನ್ ತಂದಿದ್ದ. ಕೂಸು ಮಲಗಿದ ಮೇಲೆ ನಾವಿಬ್ಬರೂ ನೆಲದ ಮೇಲೆ ಕುಳಿತು ಹೊಲಿಯುತ್ತಿದ್ದೆವು. ಒಬ್ಬಳು ಹಿಡಿಕೆ ತಿರುಗಿಸುವುದು, ಇನ್ನೊಬ್ಬಳು ಬಟ್ಟೆ ನೂಕುವುದು. ಇಬ್ಬರಿಗೂ ಒಂದೇ ಅಳತೆ. ನನ್ನ ಜಂಪರು ಹಾಸಿ ಕತ್ತರಿಸಿದರೆ ಆಕೆಗೆ ಸರಿಯಾಗುತ್ತಿತ್ತು, ಆಕೆಯದು ಹಾಸಿದರೆ ನನಗೆ. ಟೇಪು ಎಂದೂ ಹಿಡಿಯಲಿಲ್ಲ.

ಸ್ವಾರಗೇಟಿಗೆ ಬಸ್ಸು ಮುಟ್ಟಿದಾಗ ಸಂಜೆಯಾಗಿತ್ತು. ಸೊಸೆ ವೈಶಾಲಿ ಕರೆಯಲು ಬಂದಿದ್ದಳು. ಮರಾಠಿ ಹುಡುಗಿ, ನಮ್ಮ ಮಾತು ಅರ್ಧ ಕಲಿತಿದ್ದಾಳೆ. ನೆಲದ ಕೆಳಗೆ ಓಡುವ ಮೆಟ್ರೋಗೆ ಇಳಿಸಿದಳು. ಅಲ್ಲಿ ಯಂತ್ರದೊಳಗೆ ಚೀಲ ಹಾಕಿಸಿದರು. ಕಾವಲಿನ ಹೆಣ್ಣುಮಗಳು ಟವೆಲು ಬಿಚ್ಚಿ ಕಣ್ಣು ದೊಡ್ಡದು ಮಾಡಿದಳು. "ಆಜಿ, ಹೇ ಕಾಯ?" ಅಜ್ಜೀ, ಇದೇನು ಎಂದು.

"ತಂಗೀ ಜಂಪರ್ ಕತ್ತರಸಾಕ" ಎಂದೆ. ವೈಶಾಲಿ ಮರಾಠಿಯಲ್ಲಿ ಏನೇನೋ ಹೇಳಿದಳು. ಕಾವಲಿನವಳು ನಕ್ಕು ಒಳಗೆ ಬಿಟ್ಟಳು.

ಶಾಂತಾ ಮಂಚದ ಮೇಲೆ ಹೂವಿನ ಗೌನು ಹಾಕಿಕೊಂಡು ಕುಳಿತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮುದಿಕ್ಯಾಗೀಯಲ್ಲ."

"ನೀ ಏನ ಬಾಳ ಹರೇದಾಕಿ. ಸೀರಿ ಯಾವುದು, ತಗಿ."

ಹಸಿರು ಇಳಕಲ್ ಸೀರೆ ತೆಗೆಸಿದಳು, ಕೆಂಪು ಸೆರಗು. ಸೆರಗಿನ ಬಣ್ಣದ್ದೇ ಬಟ್ಟೆ ಬೇಕು ಎಂದಳು. "ಟೂ ಬೈ ಟೂ ಅರಿವಿ ತಾ. ಖಣ ತರಬ್ಯಾಡ ಮತ್ತ. ಹಳ್ಳ್ಯಾಗಿನಾಕಿ ಕಂಡಂಗ ಕಾಣತೇನಿ."

ಮರುದಿನ ವೈಶಾಲಿಯ ಜೊತೆ ರವಿವಾರ ಪೇಠೆಗೆ ಹೋದೆ. ಮಂಡಯಿ ಎಂಬ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದರೆ ಬಟ್ಟೆಯ ಓಣಿಗಳು. ನಾನೂ ಶಾಂತಾಳೂ ಕಟ್‌ಪೀಸ್ ಗುಡ್ಡೆಯಲ್ಲಿ ಮೊಳಕೈವರೆಗೆ ಕೈ ಹಾಕಿ ಹುಡುಕುತ್ತಿದ್ದ ಕಟ್ಟೆಯ ಮೇಲೆ ಈಗ ಮೊಬೈಲಿನ ಕವಚ ಮಾರುತ್ತಾರೆ. ಹೊಸ ಬಟ್ಟೆಯ ಗಂಜಿಯ ವಾಸನೆ ಮಾತ್ರ ಹಾಗೇ ಇದೆ. ಒಂದು ಅಂಗಡಿಯಲ್ಲಿ ನಮ್ಮ ಗುಳೇದಗುಡ್ಡದ ಖಣವನ್ನು ಮೀಟರಿನ ಲೆಕ್ಕದಲ್ಲಿ ಹರಿಯುತ್ತಿದ್ದರು. ಜೀನ್ಸಿನ ಹುಡುಗಿಯರು ಸೋಫಾದ ದಿಂಬಿಗೆಂದು ಒಯ್ಯುತ್ತಿದ್ದರು. ಅವ್ವ ಜೀವಮಾನವೆಲ್ಲ ಕುಪ್ಪಸ ಹೊಲಿದು ಮೈಮೇಲೆ ಹಾಕಿದ್ದು ಅದನ್ನೇ. ಬೆರಳಲ್ಲಿ ತಿಕ್ಕಿ ನೋಡಿದೆ. ಜಾರಿತು. ಹತ್ತಿಯಲ್ಲ.

ಮ್ಯಾಚಿಂಗ್ ಅಂಗಡಿಯಲ್ಲಿ ಟೂ ಬೈ ಟೂ ಗೋಡೆ ತುಂಬ ಇತ್ತು, ಕೆಂಪೇ ಒಂದು ಕಪಾಟು. ಅಂಗಡಿಯವ ಒಂದನ್ನು ಸೀರೆಯ ಮೇಲೆ ಹಾಸಿ "ಪರಫೆಕ್ಟ್" ಎಂದ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಕೆಂಪೂ ಪರಫೆಕ್ಟೇ. ನಾನು ಸೀರೆಯನ್ನೂ ಬಟ್ಟೆಯ ಸುರುಳಿಯನ್ನೂ ಎತ್ತಿಕೊಂಡು ಬಾಗಿಲ ಕಡೆ ನಡೆದೆ.

"ಆಜಿ, ಕುಠೇ ಚಾಲಲಾತ?" ಎಂದು ಕೂಗಿದ. ಎಲ್ಲಿಗೆ ಹೊರಟಿರಿ ಎಂದು.

"ಉನ್ಹಾತ!" ಬಿಸಿಲಿಗೆ ಎಂದೆ.

ಬಿಸಿಲಲ್ಲಿ ಅದು ಇಟ್ಟಂಗಿಯ ಬಣ್ಣ. ಆಮೇಲೆ ಒಂದೊಂದೇ ಸುರುಳಿ ಹೊರಗೆ ತರಿಸಿದೆ. ಕೊನೆಗೆ ದಾಳಿಂಬರ ಕಾಳಿನಂಥ ಕೆಂಪು ಕೂಡಿತು. ಅಂಗಡಿಯವ ಬೆವರು ಒರೆಸಿಕೊಂಡು ಒಂದು ಮೀಟರು ಹರಿದುಕೊಟ್ಟ. ವೈಶಾಲಿ ಅವನ ಕ್ಷಮೆ ಕೇಳಿದಳು. ನಾನು ಕೇಳಲಿಲ್ಲ.

ಬಟ್ಟೆಯನ್ನು ಸಂಜೆ ಬಕೀಟಿನಲ್ಲಿ ನೆನೆಹಾಕಿ ಒಣಗಿಸಿದೆ, ಆಮೇಲೆ ಕುಗ್ಗಬಾರದೆಂದು. ಶನಿವಾರ ಆ ಹಳೆಯ ಮಷಿನ್ ನೆಲಕ್ಕೆ ಇಳಿಸಿದೆವು. ಅದರ ಮೇಲೆ ಟೀವಿಯ ರಿಮೋಟು, ಔಷಧಿ ಡಬ್ಬಿ ಇಟ್ಟಿದ್ದರು. ಎಣ್ಣೆ ಬಿಟ್ಟ ಕೂಡಲೇ ತಿರುಗಿತು. ನನ್ನ ಜಂಪರು ಹಾಸಿ, ಎಡಗೈ ತೋಳು ಮಾತ್ರ ಸಡಿಲ ಬಿಟ್ಟು ಕತ್ತರಿಸಿದೆ. ಶಾಂತಾ ಬಲಗೈಯಿಂದ ಹಿಡಿಕೆ ತಿರುಗಿಸಿದಳು, ನಾನು ನೂಕಿದೆ.

"ನಿಧಾನ ತಿರವು. ಬೀಸಾಕ ಕುಂತೀಯೇನ?"

"ನೀ ನೆಟ್ಟಗ ನೂಕು. ಮೊದಲಿಂದೂ ನಿನ್ನ ಹೊಲಿಗಿ ಸೊಟ್ಟ."

ಮಧ್ಯಾಹ್ನ ತೊಡಿಸಿ ನೋಡಿದೆ. ಬಿದ್ದ ಕೈ ಮೊದಲು, ಆಮೇಲೆ ಒಳ್ಳೆಯ ಕೈ. ಸುಲಭವಾಗಿ ಏರಿತು. ಆದರೆ ಭುಜ ಜಾರಿತು. ಮುಂದಿನ ಎರಡು ಪಟ್ಟಿ ಒಂದರ ಮೇಲೊಂದು ಗೇಣು ದಾಟಿ ಹೋದವು. ಶಾಂತಾ ಕೆಳಗೆ ನೋಡಿಕೊಂಡಳು.

"ಯಾರ ಅಳತಿ ಇದು?"

"ನಂದು."

"ನಂದೂ ಅದ ಇತ್ತಲ್ಲ ಅಕ್ಕಾ."

ಗೌನಿನೊಳಗೆ ಆಕೆ ಅರ್ಧವಾಗಿದ್ದಳು. ಎರಡು ದಿನ ಎದುರಿಗೆ ಕುಳಿತರೂ ನನಗೆ ಕಂಡಿರಲಿಲ್ಲ.

ಪಕ್ಕದ ಹೊಲಿಗೆ ಒಳಗೆ ಹಿಡಿದರೆ ಮೈಗೆ ಸರಿಯಾಗುತ್ತಿತ್ತು, ಆದರೆ ಬಿದ್ದ ಕೈ ಏರುತ್ತಿರಲಿಲ್ಲ. ವೈಶಾಲಿ ಹತ್ತಿರ ಬಂದು, "ಮಾವಶಿ, ಹುಕ್ ಸರಸಿ ಹಚ್ಚರಿ. ಮೀ ರೋಜ ಹಾಕತೇನಿ ನಾ" ಎಂದಳು, ದಿನಾಲೂ ತಾನೇ ಹುಕ್ಕು ಹಾಕುತ್ತೇನೆಂದು. ಒಳ್ಳೆಯ ಹುಡುಗಿ. ಶಾಂತಾ ಮುಖ ಗೋಡೆಗೆ ತಿರುಗಿಸಿದಳು. ವೈಶಾಲಿ ಒಳಗೆ ಹೋದ ಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಸೀರಿ ಯಾರರ ಉಡಸಲಿ. ಎದಿ ಮುಚ್ಚಾಕ ಇನ್ನೊಬ್ರ ಕೈ ಬ್ಯಾಡ. ಗೌನಾದ್ರ ನಾನ ಹಾಕ್ಕೋತೇನಿ. ಅದಕ್ಕ ಗೌನು."

ಇದನ್ನು ಫೋನಿನಲ್ಲಿ ಹೇಳಿರಲಿಲ್ಲ. ಒಂದೇ ಕೈಯಿಂದ ಹುಕ್ಕು ಬೀಳುವುದಿಲ್ಲ.

ನಾನು ಹುಕ್ಕಿನ ಪಟ್ಟಿ ಬಿಚ್ಚಿದೆ. ಹಿಂದೆ ಕುತ್ತಿಗೆಗೆ ಒಂದು ನಿರಿಗೆ ಹಿಡಿದೆ, ಭುಜ ನಿಂತಿತು. ಮುಂದೆ ಹೆಚ್ಚಾದ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಎರಡು ಉದ್ದ ತುದಿ ಬಿಟ್ಟೆ. ಶಾಂತಾಗೆ ತಿಳಿಯಿತು.

"ಗಂಟಿನ ಕುಬಸ ಮಾಡಾಕ ಹತ್ತೀಯೇನ? ನಾ ಹಾಕ್ಕೊಳ್ಳಂಗಿಲ್ಲ."

ಶಾಂತಾ ಮದುವೆಯಾಗಿ ಪುಣೆಗೆ ಹೋದಾಗ ಅವ್ವ ಹೊಲಿದ, ಎದೆಯ ಮೇಲೆ ಗಂಟು ಕಟ್ಟುವ ಕುಪ್ಪಸಗಳನ್ನೇ ಒಯ್ದಿದ್ದಳು. ಚಾಳಿನ ನೆರೆಮನೆ ಹೆಂಗಸರು ನಕ್ಕರಂತೆ. ಎಲ್ಲವನ್ನೂ ಟ್ರಂಕಿಗೆ ಹಾಕಿ ಹುಕ್ಕಿನ ಜಂಪರು ಹೊಲಿದುಕೊಂಡಳು.

"ನಕ್ಕವರೆಲ್ಲ ಸತ್ತರು. ಅವ್ವ ಹೆಂಗ ಕಟ್ಟಕೋತಿದ್ಲು, ನೆನಪೈತೇನ?" ಎಂದೆ.

ಅವ್ವನ ಟೊಂಕದ ಮೇಲೆ ಯಾವಾಗಲೂ ಒಂದು ಕೂಸು. ಒಂದು ಕೈ ಅದಕ್ಕೇ ಬೇಕು. ಹಾಲು ಕುಡಿಸಿ ಮುಗಿದ ಮೇಲೆ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕೈಯಿಂದ ಸುತ್ತಿ ಎಳೆದರೆ ಗಂಟು. ನಡೆಯುತ್ತಲೇ ಹಾಕುತ್ತಿದ್ದಳು, ನಮ್ಮನ್ನು ಬೈಯುತ್ತಲೇ.

"ಬೈಯೂದೂ ಹಲ್ಲಾಗ ಹಿಡಕೊಂಡ" ಎಂದಳು ಶಾಂತಾ. ನಕ್ಕಳು. "ತಾ ಇಲ್ಲೆ."

ಮೊದಲ ಸಲ ತುದಿ ಬಾಯಿಂದ ಜಾರಿತು. ಕೆಳಗಿನ ಹಲ್ಲು ಕಟ್ಟಿಸಿದ್ದು, ಹಿಡಿತ ಕಡಿಮೆ. ನಾನು ಕೈ ಮುಂದೆ ಮಾಡಿದೆ, ಬಡಿದು ಸರಿಸಿದಳು. ಬಹಳ ಸಲ ತಪ್ಪಿತು. ಚಹಾ ಆರಿತು. ಕೊನೆಗೆ ಗಂಟು ಬಿತ್ತು. ಸೊಟ್ಟ ಗಂಟು, ಆದರೆ ನಿಂತಿತು.

ಭಾನುವಾರ ವೈಶಾಲಿ ಸೀರೆ ಉಡಿಸಿದಳು. ನಿಶ್ಚಯದ ಹಾಲ್‌ನಲ್ಲಿ ಶಾಂತಾ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಳು. ಬೀಗರ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳಲಿಲ್ಲ, ಗಂಡ ಇಲ್ಲದವಳೆಂದು. ಹೂವು ಇಸಿದುಕೊಂಡಳು, ಮುಡಿದೂ ಮುಡಿದಳು. ಊಟಕ್ಕೆ ಶ್ರೀಖಂಡ ಪೂರಿ, ಮಸಾಲೆ ಅನ್ನ. ಎರಡು ಸಲ ಶ್ರೀಖಂಡ ಹಾಕಿಸಿಕೊಂಡಳು. ಕುಪ್ಪಸವನ್ನು ಸೆರಗು ಮುಚ್ಚಿತ್ತು. ಯಾರೂ ನೋಡಲಿಲ್ಲ. ಬಣ್ಣ ಮಾತ್ರ ಸೀರೆಗೆ ಕೂಡಿತ್ತು.

ಸೋಮವಾರ ಬೆಳಿಗ್ಗೆ ಹೊರಟೆ. ಥಂಡಿ ಇತ್ತು. ಉಳಿದ ಚೂರು ಬಟ್ಟೆ ಅಲ್ಲೇ ಬಿಟ್ಟೆ. ಅಳತೆಯ ಜಂಪರನ್ನು ತಿರುಗಿ ಚೀಲಕ್ಕೆ ಹಾಕಿಕೊಂಡೆ. ಇನ್ನು ಅದು ನನ್ನೊಬ್ಬಳ ಅಳತೆ.

ರಿಕ್ಷಾದವರೆಗೆ ಶಾಂತಾ ಕಾಲೆಳೆಯುತ್ತ ಬಂದಳು. ವೈಶಾಲಿ ಇನ್ನೂ ಎದ್ದಿರಲಿಲ್ಲ. ಮೈಮೇಲೆ ಕೆಂಪು ಕುಪ್ಪಸ, ಲಂಗ, ಮೇಲೆ ಶಾಲು. ಶಾಲಿನ ಸಂದಿಯಲ್ಲಿ ಗಂಟು ಕಂಡಿತು. ಒಂದು ತುದಿ ಉದ್ದ, ಒಂದು ಗಿಡ್ಡ, ಉದ್ದದ್ದು ಎಂಜಲಿನಿಂದ ಒದ್ದೆ. ಸರಿ ಮಾಡಲು ಕೈ ಚಾಚಿದೆ. ಒಂದು ಹೆಜ್ಜೆ ಹಿಂದೆ ಸರಿದಳು.

"ಬಿಡ. ನಿನ್ನ ಬಸ್ ಹೋಗತದ."