ಕುಳ್ಳಿರಿಸಿ ಕಳಿಸುವ ಸೈದಾನಬಿ

ಬೆಳಗಿನ ಐದೂವರೆ. ಯಲಬುರ್ಗಾ ಸೀಮೆಯ ತಳಕಲ್ ಕಡೆಯ ಮಠವೊಂದರ ವೃದ್ಧಾಶ್ರಮದಲ್ಲಿ ಸೈದಾನಬಿ ಆಗಲೇ ಮೂರನೇ ಮಂಚಕ್ಕೆ ಬಂದಿದ್ದಾರೆ. ಹಾಸಿಗೆ ಹಿಡಿದ ಬಸವಣ್ಣೆಮ್ಮನ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ದಿಂಬಿಗೆ ಒರಗಿಸಿ ಕೂರಿಸುತ್ತಾರೆ. ಎಂಬತ್ತನಾಲ್ಕರ ಈ ಅಜ್ಜಿಗೆ ಲಿಂಗ ಹಿಡಿಯುವ ಎಡಗೈ ಎತ್ತಲಾಗದು, ಲಿಂಗಪೂಜೆಯಾಗದೆ ತುತ್ತೂ ಇಳಿಯದು. ಅದಕ್ಕೇ ಸೈದಾನಬಿ ಆಕೆಯ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಪೂಜೆ ಮುಗಿಯುವ ತನಕ ಅಲುಗಾಡದೆ ನಿಲ್ಲುತ್ತಾರೆ. “ಲಿಂಗಕ್ಕ ನನ್ನ ಬೆರಳು ತಾಗಸಂಗಿಲ್ರಿ. ಆಕಿ ಕೈಯಷ್ಟ ಹಿಡಿಯೋದು,” ಎನ್ನುತ್ತಾರೆ.

ಐವತ್ತೆರಡರ ಸೈದಾನಬಿ ಗಂಡ ತೀರಿದ ಮೇಲೆ ರೊಟ್ಟಿ ಬಡಿಯಲು ಇಲ್ಲಿಗೆ ಬಂದವರು. ಹದಿನಾರು ವರ್ಷ ಆಯಿತು. ಈಗ ಹಾಸಿಗೆ ಹಿಡಿದವರ ಒಂಬತ್ತು ಮಂಚಗಳೂ ಇವರ ಪಾಲಿಗೆ. ದಿನಕ್ಕೆ ಆರು ಸಲ ಒಬ್ಬೊಬ್ಬರ ಮಗ್ಗಲು ಹೊರಳಿಸಬೇಕು, ತಪ್ಪಿದರೆ ಬೆನ್ನು ಹುಣ್ಣಾಗುತ್ತದೆ. ಜೊತೆಗಿದ್ದ ಇಬ್ಬರು ಹೆಂಗಸರು ಕೆಲಸ ಬಿಟ್ಟು ಹೋದರು. ಇವರ ಸೊಂಟವೂ ಹೋಗಿದೆ, ಆದರೆ ಕೇಳುವವರು ಯಾರು?

ಯಾರೂ ಹೇಳಿಕೊಡದ ಇನ್ನೊಂದು ಕೆಲಸವನ್ನು ಸೈದಾನಬಿ ನೋಡಿ ಕಲಿತಿದ್ದಾರೆ. ಲಿಂಗವಂತರನ್ನು ಮಣ್ಣು ಮಾಡುವುದು ಕುಳ್ಳಿರಿಸಿ. ಉಸಿರು ನಿಂತ ಕೂಡಲೇ ಕಾಲು ಮಡಚಿ ಕೂರಿಸಬೇಕು, ತಡವಾದರೆ ಹೆಣ ಸೆಟೆದುಕೊಳ್ಳುತ್ತದೆ. ನಾಲ್ಕು ವರ್ಷದ ಹಿಂದೆ ಇಲ್ಲಿದ್ದ ಅಂದಪ್ಪ ಮಾಸ್ತರರು ನಸುಕಿನಲ್ಲಿ ಹೋದಾಗ, ಕುಷ್ಟಗಿಯ ಬಂಧುಗಳು ಫೋನಿನಲ್ಲಿ “ನಾವು ಬರೋತನಕ ಮುಟ್ಟಬ್ಯಾಡ” ಎಂದರು. ಬಂದದ್ದು ಮಧ್ಯಾಹ್ನ. ಮೊಣಕಾಲು ಮಡಚಲಿಲ್ಲ, ಮಲಗಿಸಿಯೇ ಹೂಳಬೇಕಾಯಿತು. ಬೈಸಿಕೊಂಡದ್ದು ಮಾತ್ರ ಸೈದಾನಬಿ!

“ನಾ ಯಾಕ ಅವರ ಮಾತು ಕೇಳಿದ್ನೋ! ಅದು ನನ್ನ ತಪ್ಪರಿ,” ಎಂದು ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಅವರು ಯಾರಿಗೂ ಕಾಯ್ದಿಲ್ಲ. ಹನ್ನೊಂದು ಮಂದಿಯನ್ನು ತಾವೇ ಕೂರಿಸಿದ್ದಾರೆ.

ಬಸವಣ್ಣೆಮ್ಮನಿಗೆ ಹಿಂದಿಲ್ಲ ಮುಂದಿಲ್ಲ. ಮಾಸ್ತರರ ಗತಿ ಕಂಡಾಗಿನಿಂದ ಆಕೆಯದು ಒಂದೇ ಮಾತು: “ಸೈದಾನಿ, ನನ್ನ ನೀನ ಕುಂದರಸ್ಬೇಕವ್ವಾ.”

“ಹೂಂ ಯಮ್ಮಾ,” ಎಂದು ಇವರೂ ಮಾತು ಕೊಟ್ಟಿದ್ದಾರೆ. ಆ ಮಾತೇ ಈಗ ಕೊರಳಿಗೆ ಬಂದಿದೆ. ಆಳು ಸಿಗುತ್ತಿಲ್ಲವೆಂದು ಮುಂದಿನ ತಿಂಗಳ ಹತ್ತರಿಂದ ಮಠದವರು ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುವುದಿಲ್ಲ, ನಡೆದಾಡುವವರು ಮಾತ್ರ ಉಳಿಯುತ್ತಾರೆ. ಬಸವಣ್ಣೆಮ್ಮನಂಥ ದಿಕ್ಕಿಲ್ಲದವರು ದೂರದ ಊರಿನ ಆಶ್ರಮಕ್ಕೆ. ಅಲ್ಲಿ ಸತ್ತವರನ್ನೆಲ್ಲ ಗಾಡಿಯಲ್ಲಿ ಒಯ್ದು ಸುಡುತ್ತಾರಂತೆ. ಸೈದಾನಬಿ ಆಡಳಿತದವರ ಮುಂದೆ ಮೂರು ಸಲ ಕೈ ಮುಗಿದು ಬಂದರು. ಮನೆಗೇ ಕರೆದೊಯ್ಯುತ್ತೇನೆ ಎಂದರೆ, ಮಠದ ಅಜ್ಜಿಯನ್ನು ಸಾಬರ ಮನೆಗೆ ಕಳಿಸಿದರೆ ಜನ ಏನಂದಾರು ಎಂಬ ಉತ್ತರ ಬಂತು. ಅಜ್ಜಿಗೆ ಇದನ್ನು ಇನ್ನೂ ಹೇಳಿಲ್ಲ.

ನಿಮ್ಮ ಆಸೆ ಏನು ಎಂದು ಕೇಳಿದರೆ ಸೈದಾನಬಿ ಬಾಗಿಲ ಹೊರಗೆ ಬಂದು, ದನಿ ತಗ್ಗಿಸುತ್ತಾರೆ.

“ಹತ್ತನೇ ತಾರೀಖಿನೊಳಗ ಆಕಿ ನನ್ನ ಕೈಯಾಗ ಹೋಗ್ಲಿ ಅಂತರಿ. ಒಂಬತ್ತು ವರ್ಷ ಉಣಿಸೀನಿ ಆಕಿಗೆ. ಈಗ ಆಕಿ ಸಾಯ್ಲಿ ಅಂತ ಐದು ಹೊತ್ತೂ ದುವಾ ಮಾಡಾಕತ್ತೀನಿ ನೋಡ್ರಿ.”